ಗೇಣಿ ಕೊಡದ ಒಕ್ಕಲು

ಮೀನು ಕೊಳ್ಳುವವರ ಅಭ್ಯಾಸವೊಂದನ್ನು ಕರಾವಳಿಯ ಶ್ರೋತೃಗಳು ನಿತ್ಯವೂ ಕಂಡಿರುತ್ತಾರೆ. ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಬಂಗುಡೆಯೊಂದನ್ನು ಕೈಗೆತ್ತಿಕೊಂಡು, ಅದರ ಕೆನ್ನೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಸರಿಸಿ ಒಳಗಿನ ಬಣ್ಣವನ್ನು ನೋಡುತ್ತಾರೆ. ರಕ್ತದಂತೆ ಕೆಂಪಗಿದ್ದರೆ ಮೀನು ಹೊಸತು. ಕಂದು ತಿರುಗಿದ್ದರೆ ನಿನ್ನೆಯದು. ಬೂದು ಬಣ್ಣಕ್ಕೆ ಬಂದಿದ್ದರೆ ಬುಟ್ಟಿಯ ಮುಂದಿನಿಂದ ಎದ್ದುಬಿಡುವುದೇ ಲೇಸು. ನಾನೂ ಹಾಗೆ ನೋಡುವವನೇ. ಆದರೆ ಮೂವತ್ತು ವರ್ಷಗಳಿಗೂ ಮಿಕ್ಕು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸಿದವನ ಕಣ್ಣಿಗೆ ಆ ಕೆಂಪಿನ ನಡುವೆ ಇನ್ನೊಂದನ್ನು ಹುಡುಕುವ ಚಾಳಿ ಅಂಟಿಕೊಂಡಿದೆ. “ಮಾಸ್ಟ್ರು ಮೀನು ಕೊಳ್ಳುವುದಕ್ಕೆ ಬಂದದ್ದಲ್ಲ, ಅದರ ಜಾತಕ ನೋಡುವುದಕ್ಕೆ ಬಂದದ್ದು” ಎಂದು ಮೀನು ಮಾರುವ ಹೆಂಗಸು ಪಕ್ಕದವಳಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಾನು ಹುಡುಕುವುದು ಒಂದು ಹುಳುವನ್ನು. ಉದ್ದ ಕೆಲವೇ ಮಿಲಿಮೀಟರು. ಚಪ್ಪಟೆಯಾದ, ಬೂದು ಬಿಳುಪಿನ ದೇಹ. ಬರಿಗಣ್ಣಿಗೆ ಅದು ಕಿವಿರಿನ ಎಳೆಗೆ ಅಂಟಿದ ಲೋಳೆಯ ಚೂರಿನಂತೆ ಕಾಣುತ್ತದೆ. ತುಸು ನೀರಿನಲ್ಲಿ ಬಿಟ್ಟು ಮಸೂರದಲ್ಲಿ ನೋಡಿದರೆ ಒಳಗೆ ಕಪ್ಪು ಮಸಿಯಿಂದ ಗೀಚಿದಂತಹ ಕವಲುಗಳು ತೋರುತ್ತವೆ. ತಿನ್ನುವವರು ಗಾಬರಿಗೊಳ್ಳಬೇಕಾದ ಕಾರಣವಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಈ ಹುಳುವಿಗೆ ಮನುಷ್ಯನ ದೇಹದಲ್ಲಿ ಬದುಕುವ ದಾರಿಯೇ ಇಲ್ಲ. ಅಲ್ಲದೆ ಕಿವಿರು ನಮ್ಮ ಮನೆಗಳಲ್ಲಿ ಬೆಕ್ಕಿನ ಪಾಲಿಗೆ ಹೋಗುವಂಥದು.

ಇಂದು ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ, ಬೇಸಗೆಯ ಒಂದು ಮಧ್ಯಾಹ್ನ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದು ಮನೆಗೆ ಬಂದ. ಪದವಿ ಮುಗಿಸಿ, ಕೆಲಸಕ್ಕಾಗಿ ಊರೂರು ಅಲೆದು, ಕೊನೆಗೆ ತನ್ನ ಹಳ್ಳಿಯ ಅಳಿವೆಯಲ್ಲಿ ಬಲೆಯ ಪಂಜರಗಳನ್ನು ಇಳಿಬಿಟ್ಟು ಸೀಬಾಸ್ ಮೀನನ್ನು ಸಾಕತೊಡಗಿದ್ದ. ಆ ಪಂಜರಗಳಿಗಾಗಿ ಮನೆಯ ಹೆಂಗಸರ ಬಂಗಾರವೆಲ್ಲ ಅಡವಿನಲ್ಲಿತ್ತು. ಚೀಲದಲ್ಲಿ ಐದು ಸತ್ತ ಮೀನುಗಳಿದ್ದವು. “ಮೂರು ದಿನದಿಂದ ಮೇವು ಮುಟ್ಟುವುದಿಲ್ಲ ಸರ್. ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ. ಬೆಳಿಗ್ಗೆ ಹೋಗಿ ನೋಡಿದರೆ ತೇಲುತ್ತಿರುತ್ತವೆ” ಎಂದ. ನಾನು ಒಂದರ ಕಿವಿರು ಮುಚ್ಚಳವನ್ನು ಎತ್ತಿದೆ. ಕೆಂಪೆಂಬುದು ಇರಲಿಲ್ಲ. ಪೇಲವವಾದ ಎಳೆಗಳ ಮೇಲೆ ಗಂಜಿಯ ತೆಳಿಯಂತೆ ದಪ್ಪ ಲೋಳೆ ಹರಡಿತ್ತು. ಅದರ ಚೂರೊಂದನ್ನು ಗಾಜಿನ ಪಟ್ಟಿಯ ಮೇಲಿಟ್ಟು, ನಿವೃತ್ತನಾದ ಮೇಲೂ ಮಾರದೆ ಇಟ್ಟುಕೊಂಡಿದ್ದ ನನ್ನ ಸೂಕ್ಷ್ಮದರ್ಶಕದ ಕೆಳಗೆ ಸರಿಸಿ, “ನೀನೇ ನೋಡು” ಎಂದೆ. ಅವನು ಬಹಳ ಹೊತ್ತು ನೋಡಿ, ತಲೆಯೆತ್ತಿ, “ಇದನ್ನು ನಾನು ಬಿಡಿಸಿದ್ದೇನೆ ಸರ್” ಎಂದ.

ಅದು ನಿಜ. ಎರಡನೆಯ ವರ್ಷದ ಪ್ರಾಯೋಗಿಕ ಪುಸ್ತಕದಲ್ಲಿ ಅವನು ಈ ಬಳಗದ ಹುಳುವಿನ ಚಿತ್ರವನ್ನು ಅಚ್ಚುಕಟ್ಟಾಗಿ ಬಿಡಿಸಿ, ಬಾಯಿ, ಕರುಳು, ಅಂಡಾಶಯ, ಕೊಕ್ಕೆ ಎಂದು ಗೆರೆ ಎಳೆದು ಹೆಸರು ಬರೆದಿದ್ದ. ಹತ್ತಕ್ಕೆ ಎಂಟು ಅಂಕ ಕೊಟ್ಟು ಸಹಿ ಹಾಕಿದವನು ನಾನು. ಆದರೆ ಆ ಅಂಗಗಳು ಏಕೆ ಹಾಗಿವೆ, ಅವುಗಳಿಂದ ಮೀನಿನ ಬಾಳಿಗೆ ಏನಾಗುತ್ತದೆ ಎಂಬುದನ್ನು ಆ ತರಗತಿಯಲ್ಲಿ ನಾನು ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಗೆ ಅದು ಬೇಕಾಗಿರಲಿಲ್ಲ. ಅಂದು ಹೇಳದೆ ಉಳಿದ ಪಾಠವನ್ನು ಇಂದು ನಿಮ್ಮ ಮುಂದೆ ಹೇಳಲು ಯತ್ನಿಸುತ್ತೇನೆ.

ಒಕ್ಕಲಿನ ಪರಿಚಯಕ್ಕೆ ಮೊದಲು ಮನೆಯ ಪರಿಚಯವಾಗಬೇಕು. ಮೀನಿನ ತಲೆಯ ಎರಡು ಬದಿಗಳಲ್ಲಿಯೂ ನಾಲ್ಕು ನಾಲ್ಕು ಎಲುಬಿನ ಕಮಾನುಗಳಿವೆ. ಒಂದೊಂದು ಕಮಾನಿನ ಮೇಲೂ ಎರಡು ಸಾಲು ಎಳೆಗಳು ಬಾಚಣಿಗೆಯ ಹಲ್ಲುಗಳಂತೆ ಜೋಡಣೆಗೊಂಡಿವೆ. ಒಂದೊಂದು ಎಳೆಯ ಮೇಲೂ ಕೆಳಗೂ ಅತಿ ತೆಳುವಾದ ಹಾಳೆಗಳು ಒತ್ತೊತ್ತಾಗಿ ಎದ್ದು ನಿಂತಿವೆ. ಆ ಹಾಳೆಗಳೊಳಗೆ ರಕ್ತ ಹರಿಯುತ್ತದೆ. ಹಾಳೆಗಳ ನಡುವೆ ನೀರು ಹರಿಯುತ್ತದೆ. ಒಂದು ಲೀಟರು ಗಾಳಿಯಲ್ಲಿ ಸುಮಾರು ೨೧೦ ಮಿಲಿಲೀಟರು ಆಮ್ಲಜನಕವಿದ್ದರೆ, ನಮ್ಮ ಬೆಚ್ಚನೆಯ ಕಡಲಿನ ಒಂದು ಲೀಟರು ನೀರಿನಲ್ಲಿ ನಾಲ್ಕೈದು ಮಿಲಿಲೀಟರು ಮಾತ್ರ. ಈ ಬಡತನದಲ್ಲಿ ಬಾಳುವ ಮೀನು ಒಂದು ಜಾಣತನವನ್ನು ಮಾಡಿದೆ: ನೀರು ಒಂದು ದಿಕ್ಕಿಗೆ ಹರಿದರೆ ರಕ್ತ ಅದಕ್ಕೆ ಎದುರು ದಿಕ್ಕಿಗೆ ಹರಿಯುತ್ತದೆ. ಹಾಗೆ ಎದುರುಬದುರಾಗಿ ಹಾಯ್ದುಹೋಗುವಾಗ ನೀರಿನಲ್ಲಿದ್ದ ಆಮ್ಲಜನಕದ ಬಹುಪಾಲು ರಕ್ತದ ವಶವಾಗುತ್ತದೆ. ಪರೋಪಜೀವಿಯ ಕಡೆಯಿಂದ ನೋಡಿದರೆ ಇಂತಹ ಮನೆ ಇನ್ನೆಲ್ಲಿ ಸಿಕ್ಕೀತು? ಗೋಡೆಯೋ ಕಾಗದಕ್ಕಿಂತ ತೆಳುವು, ಅದರಾಚೆ ಬೆಚ್ಚಗಿನ ಊಟ, ಹಗಲಿರುಳೂ ಹೊಸ ನೀರು, ಮೇಲೆ ಗಟ್ಟಿಯಾದ ಬಾಗಿಲು. ಒಂದೇ ಒಂದು ಕಷ್ಟವೆಂದರೆ, ಈ ಮನೆಯಲ್ಲಿ ಹೊಳೆ ಹರಿಯುತ್ತದೆ. ಹಿಡಿತ ತಪ್ಪಿದವನು ಮುಚ್ಚಳದ ಸಂದಿನಿಂದ ಹೊರಗೆ ಕಡಲಿನ ಪಾಲಾಗುತ್ತಾನೆ.

ಈ ಹುಳು ಚಪ್ಪಟೆ ಹುಳುಗಳ ದೊಡ್ಡ ಕುಟುಂಬಕ್ಕೆ ಸೇರಿದುದು. ಕರುಳಿನಲ್ಲಿ ನೆಲೆಸುವ ಲಾಡಿಹುಳು, ಕುರಿಯ ಪಿತ್ತಜನಕಾಂಗವನ್ನು ಹಾಳುಮಾಡುವ ಎಲೆಯಾಕಾರದ ಹುಳು, ಇವು ಅದರ ದಾಯಾದಿಗಳು. ಪಂಡಿತರ ಕಣ್ಣಿಗೆ ಅದು ಮೊದಲು ಬಿದ್ದಾಗ ಇದಾವುದೂ ತಿಳಿದಿರಲಿಲ್ಲ. ೧೭೭೬ರಲ್ಲಿ ಡೆನ್ಮಾರ್ಕಿನ ಮುಲ್ಲರ್ ಎಂಬ ವಿದ್ವಾಂಸ ಹ್ಯಾಲಿಬಟ್ ಮೀನಿನ ಚರ್ಮಕ್ಕೆ ಕಚ್ಚಿಕೊಂಡಿದ್ದ ಇಂತಹ ಹುಳುವೊಂದನ್ನು ವರ್ಣಿಸಿ ಅದನ್ನು ಜಿಗಣೆಗಳ ಸಾಲಿಗೆ ಸೇರಿಸಿದ. ಕಚ್ಚಿ ಹಿಡಿಯುವ ರೀತಿಯನ್ನು ಕಂಡವರಿಗೆ ಆ ತಪ್ಪು ಸಹಜವೇ. ೧೮೫೮ರಲ್ಲಿ ಬೆಲ್ಜಿಯಂ ದೇಶದ ವಾನ್ ಬೆನೆಡೆನ್ ಇವುಗಳ ಬಾಳಿನ ಮುಖ್ಯ ಗುಟ್ಟನ್ನು ಹಿಡಿದ. ಕುರಿಯ ಹುಳುವಿನ ಸಂತಾನ ಮೊದಲು ಬಸವನಹುಳುವಿನ ಹೊಟ್ಟೆಯಲ್ಲಿ ರೂಪಾಂತರ ಪಡೆದು, ಆಮೇಲೆ ಕುರಿಯನ್ನು ಸೇರಬೇಕು. ಕಿವಿರಿನ ಹುಳುವಿಗೆ ಇಂತಹ ನಡುವಿನ ಬಿಡಾರವಿಲ್ಲ. ಮೊಟ್ಟೆಯಿಂದ ಹೊರಬಂದ ಮರಿ ನೇರವಾಗಿ ಮೀನನ್ನೇ ಸೇರುತ್ತದೆ. ಆದುದರಿಂದಲೇ ಈ ವರ್ಗಕ್ಕೆ ‘ಒಂದೇ ತಲೆಮಾರಿನದು’ ಎಂಬ ಅರ್ಥದ ಮಾನೋಜೀನಿಯ ಎಂಬ ಹೆಸರು ಬಂತು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಒಂದು ಇಡೀ ಸಮುದ್ರದ ಕಥೆ ಇದರ ಮೇಲೆ ನಿಂತಿದೆ.

ಇನ್ನು ಅಂಗರಚನೆ. ಸಾಮಾನ್ಯವಾಗಿ ನಾವು ಪ್ರಾಣಿಯನ್ನು ತಲೆಯಿಂದ ವರ್ಣಿಸುತ್ತೇವೆ. ಇದನ್ನು ಬಾಲದಿಂದ ವರ್ಣಿಸಬೇಕು. ಅದರ ಬಾಳೆಲ್ಲ ಹಿಂತುದಿಯ ಹಿಡಿತದ ಮೇಲೆ ನಿಂತಿದೆ. ಆ ತುದಿಯನ್ನು ಹಿಡಿಯಂಗ ಎಂದು ಕರೆಯೋಣ. ಅದರ ರಚನೆಯಲ್ಲಿ ಎರಡು ಸಂಪ್ರದಾಯಗಳಿವೆ. ಒಂದು ಗುಂಪಿನವು ತಟ್ಟೆಯಂತಹ ಹಿಡಿಯಂಗದಲ್ಲಿ ಕೊಕ್ಕೆಗಳನ್ನು ಇಟ್ಟುಕೊಂಡಿವೆ. ಗಾಳದ ಮುಳ್ಳಿನಂತೆ ಬಾಗಿದ ದೊಡ್ಡ ಕೊಕ್ಕೆಗಳು ನಡುವೆ, ಅಂಚಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳು. ನನ್ನ ವಿದ್ಯಾರ್ಥಿಯ ಸೀಬಾಸಿನಲ್ಲಿದ್ದುದು ಈ ಗುಂಪಿನದು. ಇನ್ನೊಂದು ಗುಂಪಿನವು ಕೊಕ್ಕೆಯನ್ನು ನೆಚ್ಚದೆ ಇಕ್ಕಳಗಳನ್ನು ಬೆಳೆಸಿಕೊಂಡಿವೆ. ನನಗೆ ಬಂಗುಡೆಯಲ್ಲಿ ದೊರೆಯುವುದು ಇದು. ಹಿಂತುದಿಯ ಎರಡು ಅಂಚುಗಳಲ್ಲಿಯೂ ನಾಲ್ಕು ನಾಲ್ಕು ಇಕ್ಕಳಗಳು. ಒಂದೊಂದು ಇಕ್ಕಳಕ್ಕೂ ಎರಡು ದವಡೆಗಳು. ದವಡೆಗಳೊಳಗೆ ಕೊಡೆಯ ಕಡ್ಡಿಗಳಂತೆ ಬಾಗಿದ ಗಟ್ಟಿ ಪಟ್ಟಿಗಳು. ಅವನ್ನು ಮುಚ್ಚಿ ಬಿಗಿಯಲು ಸ್ನಾಯುಗಳು. ಕಿವಿರಿನ ತೆಳು ಹಾಳೆಗಳನ್ನು ಹರಿಯದಂತೆ, ಆದರೆ ಜಾರದಂತೆ ಹಿಡಿಯುವುದಕ್ಕೆ ಇದಕ್ಕಿಂತ ನಯವಾದ ಉಪಕರಣವನ್ನು ಅಕ್ಕಸಾಲಿಗನೂ ಮಾಡಲಾರ.

ಈ ಹಿಡಿತಕ್ಕೂ ಮೀನಿನ ಉಸಿರಾಟಕ್ಕೂ ಇರುವ ನಂಟನ್ನು ಚೆನ್ನಾಗಿ ಬಿಡಿಸಿ ತೋರಿಸಿದವನು ಇಂಗ್ಲೆಂಡಿನ ಲೆವೆಲಿನ್. ೧೯೫೬ರಲ್ಲಿ ಪ್ಲಿಮತ್ತಿನ ಸಾಗರ ಜೀವವಿಜ್ಞಾನ ಸಂಘದ ಪತ್ರಿಕೆಯಲ್ಲಿ ಆತ ಪ್ರಕಟಿಸಿದ ಲೇಖನವನ್ನು ನಾನು ಯೌವನದಲ್ಲಿ ಓದಿ ಬೆರಗಾದೆ. ಅವನಿಗಿಂತ ಮೊದಲಿನವರು ಹುಳುವನ್ನು ಮೀನಿನಿಂದ ಕಿತ್ತು, ಗಾಜಿನ ಮೇಲೆ ಚಪ್ಪಟೆಯಾಗಿಸಿ, ಬಣ್ಣ ಹಾಕಿ ನೋಡುತ್ತಿದ್ದುದೇ ಹೆಚ್ಚು. ಆತ ಅದು ಕಿವಿರಿನ ಮೇಲೆ ಹೇಗೆ ಕುಳಿತಿದೆಯೋ ಹಾಗೆಯೇ ನೋಡಿದ. ಹುಳುವಿನ ಹಿಡಿಯಂಗ ನೀರಿನ ಹರಿವಿಗೆ ಮೇಲುಗಡೆ, ಬಾಯಿ ಕೆಳಗಡೆ. ಹೊಳೆಯಲ್ಲಿ ಲಂಗರು ಹಾಕಿದ ದೋಣಿ ಹೇಗೆ ತಾನಾಗಿಯೇ ಹರಿವಿನ ಉದ್ದಕ್ಕೂ ತಿರುಗಿ ನಿಲ್ಲುತ್ತದೆಯೋ ಹಾಗೆ. ವೈಟಿಂಗ್ ಎಂಬ ಮೀನಿನ ಮೇಲಿರುವ ಡಿಕ್ಲಿಡೋಫೋರ ಎಂಬ ಹುಳು ಹೆಚ್ಚಾಗಿ ಮೊದಲನೆಯ ಕಮಾನಿನ ಮೇಲೆಯೇ ಕುಳಿತಿರುತ್ತದೆ. ಅದರ ಇಕ್ಕಳಗಳು ಒಂದೊಂದೂ ತೊಟ್ಟಿನ ತುದಿಯಲ್ಲಿವೆ.

ಹಾರ್ಸ್ ಮ್ಯಾಕರೆಲ್ ಎಂಬ ಮೀನಿನ ಕಿವಿರಿನ ಗ್ಯಾಸ್ಟ್ರೋಕೊಟೈಲ್ ಎಂಬ ಹುಳುವಿನದು ಇನ್ನೂ ವಿಚಿತ್ರ. ಅದರ ಇಕ್ಕಳಗಳೆಲ್ಲ ಒಂದೇ ಬದಿಯಲ್ಲಿ, ಒಂದೇ ಸಾಲಿನಲ್ಲಿವೆ. ಇನ್ನೊಂದು ಬದಿ ಬೋಳು. ಮೇಜಿನ ಮೇಲೆ ನೋಡಿದವರಿಗೆ ಇದು ಅಂಗವೈಕಲ್ಯ. ಕಿವಿರಿನ ಮೇಲೆ ನೋಡಿದವರಿಗೆ ಇದು ಅನಿವಾರ್ಯ. ಎರಡು ಎಳೆಗಳ ಇಕ್ಕಟ್ಟಿನಲ್ಲಿ ಒಂದು ಎಳೆಗೆ ಮಗ್ಗುಲಾಗಿ ಒರಗಿ ಮಲಗುವ ಪ್ರಾಣಿಗೆ ಆ ಮಗ್ಗುಲಿನಲ್ಲಿ ಮಾತ್ರ ಹಿಡಿತ ಬೇಕು. ಕೆಲವು ಹುಳುಗಳಲ್ಲಿ ಎಡಬದಿ, ಕೆಲವದರಲ್ಲಿ ಬಲಬದಿ. ಮರಿಯಾಗಿದ್ದಾಗ ಎಳೆಯ ಯಾವ ಪಕ್ಕಕ್ಕೆ ಬಂದು ನೆಲೆಸಿತೋ ಅದಕ್ಕೆ ತಕ್ಕಂತೆ ದೇಹ ಬೆಳೆಯುತ್ತದೆ. ಹುಳುವಿನ ಆಕಾರದಲ್ಲಿ ಮೀನಿನ ಉಸಿರು ಅಚ್ಚೊತ್ತಿದೆಯೆಂದರೆ ಅದು ಕವಿತ್ವವಲ್ಲ, ಅಳೆದು ನೋಡಬಹುದಾದ ಸಂಗತಿ.

ಬಾಲದಿಂದ ಬಾಯಿಗೆ ಬರೋಣ. ಇಕ್ಕಳದ ಗುಂಪಿನವುಗಳ ಬಾಯಿಯೊಳಗೆ ಎರಡು ಸಣ್ಣ ಹೀರುಬಟ್ಟಲುಗಳಿವೆ. ಅವುಗಳ ಹಿಂದೆ ಗಂಟಲಿನ ಸ್ನಾಯುಗಂಟು. ಅಲ್ಲಿಂದ ಕರುಳು ಎರಡಾಗಿ ಒಡೆದು, ಕವಲು ಕವಲಾಗಿ ದೇಹದ ತುಂಬ ಹಬ್ಬಿದೆ. ನಾನು ಮೊದಲು ಹೇಳಿದ ಕಪ್ಪು ಮಸಿಯ ಗೆರೆಗಳು ಇವೇ. ಈ ಗುಂಪಿನವುಗಳ ಆಹಾರ ಮೀನಿನ ರಕ್ತ. ರಕ್ತದ ಕೆಂಪು ವಸ್ತು ಕರುಳಿನ ಜೀವಕೋಶಗಳೊಳಗೆ ಜೀರ್ಣವಾದ ಮೇಲೆ ಕಬ್ಬಿಣದ ಅಂಶವುಳ್ಳ ಕಪ್ಪು ಶೇಷ ಉಳಿಯುತ್ತದೆ. ಹುಳುವಿಗೆ ಗುದದ್ವಾರವಿಲ್ಲ, ಆ ಶೇಷವನ್ನು ಬಂದ ಬಾಗಿಲಿನಿಂದಲೇ ಹೊರಹಾಕಬೇಕು. ಕೊಕ್ಕೆಯ ಗುಂಪಿನವು ಹೆಚ್ಚಾಗಿ ರಕ್ತಕ್ಕೆ ಕೈಹಾಕದೆ ಕಿವಿರಿನ ಮೇಲ್ಪದರವನ್ನೂ ಲೋಳೆಯನ್ನೂ ಮೇಯುತ್ತವೆ. ಅವುಗಳಲ್ಲಿ ಆ ಕಪ್ಪು ಗೆರೆಗಳಿಲ್ಲ. ಎಳೆಯ ಮೇಲೆ ಅಲ್ಲಲ್ಲಿ ಮೇದು ಗಾಯವಾದಾಗ ಮೀನು ತನ್ನ ರಕ್ಷಣೆಗಾಗಿ ಇನ್ನಷ್ಟು ಲೋಳೆಯನ್ನು ಸುರಿಸುತ್ತದೆ. ಆ ಲೋಳೆಯೇ ದಪ್ಪವಾಗಿ ನೀರಿಗೂ ರಕ್ತಕ್ಕೂ ನಡುವೆ ತೆರೆಯಾಗಿ ನಿಲ್ಲುತ್ತದೆ. ತುಂಬಿದ ಅಳಿವೆಯ ನಡುವೆ ಮೀನು ಉಸಿರುಕಟ್ಟಿ ಬಾಯಿಬಿಡುವುದು ಇದರಿಂದ.

ಇದಿಷ್ಟು ಅದಕ್ಕಿರುವ ಭಾಗ್ಯ. ಇಲ್ಲದುದರ ಪಟ್ಟಿಯೂ ದೊಡ್ಡದೇ. ಅದಕ್ಕೆ ಹೃದಯವಿಲ್ಲ, ರಕ್ತನಾಳಗಳಿಲ್ಲ, ಉಸಿರಾಟದ ಅಂಗವಿಲ್ಲ. ದೇಹ ಚಪ್ಪಟೆಯಾದುದರಿಂದ ಒಳಗಿನ ಯಾವ ಮೂಲೆಯೂ ಮೈಯ ಹೊದಿಕೆಯಿಂದ ದೂರವಿಲ್ಲ. ಆಮ್ಲಜನಕ ತಾನಾಗಿಯೇ ಒಳಗೆ ಇಳಿಯುತ್ತದೆ. ಕರುಳು ಎಲ್ಲ ಕಡೆಗೂ ಹಬ್ಬಿರುವುದರಿಂದ ಊಟವನ್ನು ಸಾಗಿಸಲು ರಕ್ತ ಬೇಕಾಗಿಲ್ಲ. ಬೇಡದ ನೀರನ್ನೂ ಕಲ್ಮಷವನ್ನೂ ಹೊರಹಾಕಲು ಜ್ವಾಲಾಕೋಶಗಳೆಂಬ ಪುಟ್ಟ ಕೋಶಗಳಿವೆ. ಅವುಗಳೊಳಗೆ ಲೋಮಗಳ ಕುಚ್ಚೊಂದು ದೀಪದ ಕುಡಿಯಂತೆ ಸದಾ ತುಯ್ಯುತ್ತಿರುತ್ತದೆ. ಗಂಟಲಿನ ಬಳಿ ನರಗಳ ಸಣ್ಣ ಗಂಟೊಂದಿದ್ದು, ಅಲ್ಲಿಂದ ಹಗ್ಗಗಳಂತೆ ನರಗಳು ಹಿಂದಕ್ಕೆ ಇಕ್ಕಳಗಳವರೆಗೆ ಹೋಗುತ್ತವೆ. ಪರೋಪಜೀವಿಯೆಂದರೆ ಸೋಮಾರಿ, ಕ್ಷೀಣಿಸಿದ ಜೀವ ಎಂಬ ಕಲ್ಪನೆ ನಮ್ಮಲ್ಲಿದೆ. ಈ ಹುಳುವನ್ನು ಜೀವಂತವಾಗಿ ನೋಡಿದವನು ಆ ಮಾತನ್ನು ಆಡಲಾರ.

ಉಳಿದ ಜಾಗವನ್ನೆಲ್ಲ ಆಕ್ರಮಿಸಿರುವುದು ಸಂತಾನದ ಅಂಗಗಳು. ಪ್ರತಿಯೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಒಂದೇ ದೇಹದಲ್ಲಿ ಅನೇಕ ವೃಷಣಗಳು, ಒಂದು ಅಂಡಾಶಯ, ಮೊಟ್ಟೆಗೆ ಆಹಾರವನ್ನೂ ಚಿಪ್ಪಿನ ಸಾಮಗ್ರಿಯನ್ನೂ ಒದಗಿಸುವ ಭಂಡಾರ ಗ್ರಂಥಿಗಳು. ಈ ಭಂಡಾರವೇ ಮೈಯ ಎರಡು ಪಕ್ಕಗಳನ್ನೂ ತುಂಬಿರುತ್ತದೆ. ಆದರೂ ಜೊತೆ ಸಿಕ್ಕಿದರೆ ಅವು ಒಂದನ್ನೊಂದು ಕೂಡುವುವು. ಡಿಕ್ಲಿಡೋಫೋರದಲ್ಲಿ ವೀರ್ಯಾಣುಗಳು ಜೊತೆಗಾರನ ಮೈಯ ಅಂಗಾಂಶವನ್ನೇ ತೂರಿ ಒಳಸೇರುತ್ತವೆಂದು ೧೯೭೫ರಲ್ಲಿ ತಿಳಿದುಬಂತು. ಒಂದೊಂದು ಜಾತಿಯ ಹುಳುವೂ ಅಷ್ಟು ದೊಡ್ಡ ಕಿವಿರಿನಲ್ಲಿ ಒಂದು ಸಣ್ಣ ಮೂಲೆಯನ್ನೇ ಏಕೆ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದ ಕ್ಲಾಸ್ ರೋಡೆ ಕೊಟ್ಟ ಉತ್ತರವೂ ಇದನ್ನೇ ಹಿಡಿದದ್ದು: ಒಂದು ಮೀನಿನಲ್ಲಿರುವುದು ಎರಡೋ ಮೂರೋ ಹುಳುಗಳಾದರೆ, ಎಲ್ಲವೂ ಒಂದೇ ಮೂಲೆಗೆ ಬಂದಾಗ ಮಾತ್ರ ಅವು ಪರಸ್ಪರ ಭೇಟಿಯಾದಾವು. ಅಷ್ಟು ವಿರಳವಾದ ಸಂಸಾರ ಅವುಗಳದು.

ಏಕೆ ವಿರಳ? ಮೊಟ್ಟೆಯ ಹಾದಿಯನ್ನು ಹಿಡಿದು ಹೋದರೆ ಉತ್ತರ ದೊರೆಯುತ್ತದೆ. ಅನೇಕ ಜಾತಿಗಳಲ್ಲಿ ಮೊಟ್ಟೆಯ ತುದಿಗೆ ನೂಲಿನಂತಹ ಉದ್ದನೆಯ ಬಾಲವಿರುತ್ತದೆ. ನೀರಿನೊಂದಿಗೆ ಹೊರಬಂದ ಮೊಟ್ಟೆ ಆ ನೂಲಿನಿಂದ ಸಿಕ್ಕಿದ ವಸ್ತುವಿಗೆ ತೊಡರಿಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಅದರ ಮುಚ್ಚಳ ತೆರೆದು, ಮಿಲಿಮೀಟರಿನ ಒಂದು ಸಣ್ಣ ಪಾಲಿನಷ್ಟು ಉದ್ದದ ಮರಿ ಹೊರಬರುತ್ತದೆ. ಅದರ ಮೈಮೇಲೆ ಲೋಮಗಳ ಪಟ್ಟಿಗಳು, ಬೆನ್ನಿನ ಮೇಲೆ ಕಣ್ಣಿನ ಚುಕ್ಕೆಗಳು, ಹಿಂದೆ ಮೊಳೆಯುತ್ತಿರುವ ಕೊಕ್ಕೆಗಳು. ಅದು ಏನನ್ನೂ ತಿನ್ನುವುದಿಲ್ಲ. ಹುಟ್ಟುವಾಗ ತಂದ ಬುತ್ತಿ ತೀರುವುದರೊಳಗೆ, ಅಂದರೆ ಕೆಲವು ಗಂಟೆಗಳಿಂದ ಒಂದೆರಡು ದಿನಗಳೊಳಗೆ, ತನಗೆ ಒಗ್ಗುವ ಮೀನನ್ನು ಕಂಡುಕೊಳ್ಳಬೇಕು. ಅನೇಕ ಜಾತಿಗಳಿಗೆ ಒಂದೇ ಜಾತಿಯ ಮೀನು ಒಗ್ಗುವುದು. ಇದಕ್ಕಾಗಿ ಅವು ಕಲಿತಿರುವ ಉಪಾಯಗಳೂ ಉಂಟು. ಕಿವಿರಿನದಲ್ಲದಿದ್ದರೂ ಇದೇ ಬಳಗದ, ಸೋಲ್ ಮೀನಿನ ಚರ್ಮದ ಮೇಲಿರುವ ಹುಳುವಿನ ಮೊಟ್ಟೆಗಳು ಬೆಳಕು ಹರಿದ ಮೊದಲ ಕೆಲವು ಗಂಟೆಗಳಲ್ಲಿ ಒಡೆಯುತ್ತವೆಂದು ಇಂಗ್ಲೆಂಡಿನ ಕರ್ನ್ ೧೯೭೩ರಲ್ಲಿ ತೋರಿಸಿದ. ಸೋಲ್ ಮೀನು ರಾತ್ರಿ ತಿರುಗಾಡಿ ಹಗಲು ಮರಳಿನಲ್ಲಿ ಮಲಗುವಂಥದು. ಮನೆಯ ಯಜಮಾನ ಮಲಗುವ ಹೊತ್ತಿಗೆ ಸರಿಯಾಗಿ ಒಕ್ಕಲು ಬಾಗಿಲು ತಟ್ಟುತ್ತದೆ.

ಇಷ್ಟೆಲ್ಲ ಉಪಾಯವಿದ್ದರೂ ಕಡಲು ದೊಡ್ಡದು, ಮರಿಯ ಆಯುಸ್ಸು ಸಣ್ಣದು. ಬಹುಪಾಲು ಮರಿಗಳು ಮೀನಿನ ಮುಖವನ್ನೂ ಕಾಣದೆ ಸಾಯುತ್ತವೆ. ಬಂಗುಡೆಯ ಕಿವಿರಿನಲ್ಲಿ ನನಗೆ ಒಂದೋ ಎರಡೋ ಹುಳುಗಳು ಸಿಕ್ಕುವುದು, ಎಷ್ಟೋ ಮೀನುಗಳಲ್ಲಿ ಒಂದೂ ಸಿಕ್ಕದಿರುವುದು ಈ ಕಾರಣದಿಂದ. ಆ ಒಂದೆರಡು ಹುಳುಗಳಿಗಾಗಿ ಮೀನು ತೆರುವ ರಕ್ತ ಅತ್ಯಲ್ಪ. ನಮ್ಮ ಕಡೆ ಹಿಂದೆ ಮೂಲಗೇಣಿಯೆಂಬ ಒಕ್ಕಲುತನವಿತ್ತು. ತಲೆತಲಾಂತರ ಒಕ್ಕಲು ಬಿಡುವಂತಿಲ್ಲ, ಧಣಿ ಬಿಡಿಸುವಂತಿಲ್ಲ. ಈ ಹುಳು ಮೂಲಗೇಣಿಯ ಒಕ್ಕಲು, ಆದರೆ ಗೇಣಿ ಕೊಡದ ಒಕ್ಕಲು. ಧಣಿ ಸತ್ತರೆ ತನಗೂ ನೆಲೆಯಿಲ್ಲವಾದುದರಿಂದ ಅದರ ಬಾಳು ಧಣಿಯ ಬಾಳಿನೊಂದಿಗೆ ಹೆಣೆದುಕೊಂಡಿದೆ. ಈ ಹೊಂದಾಣಿಕೆಯನ್ನು ಕಾಪಾಡುವುದು ಹುಳುವಿನ ಸದ್ಗುಣವಲ್ಲ. ಕಡಲಿನ ವಿಸ್ತಾರ ಮತ್ತು ಇಬ್ಬರ ನಡುವಿನ ದೀರ್ಘ ಪರಿಚಯ. ಈ ಎರಡರಲ್ಲಿ ಒಂದು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಮಧ್ಯ ಏಷ್ಯದ ಅರಾಲ್ ಸಮುದ್ರದ್ದು. ಸ್ಟರ್ಜನ್ ಎಂಬ ಮೀನಿನ ಮೊಟ್ಟೆಗಳೇ ಶ್ರೀಮಂತರ ತಟ್ಟೆಯ ಕ್ಯಾವಿಯರ್. ಅರಾಲಿನಲ್ಲಿ ಶಿಪ್ ಸ್ಟರ್ಜನ್ ಎಂಬ ಒಂದು ಜಾತಿ ಹಿಂದಿನಿಂದಲೂ ಇತ್ತು. ಮೀನುಗಾರಿಕೆಯನ್ನು ಹೆಚ್ಚಿಸಬೇಕೆಂಬ ಸದುದ್ದೇಶದಿಂದ ೧೯೩೦ರ ದಶಕದಲ್ಲಿ ಸೋವಿಯತ್ ಅಧಿಕಾರಿಗಳು ಕ್ಯಾಸ್ಪಿಯನ್ ಸಮುದ್ರದಿಂದ ಸ್ಟರ್ಜನ್ನಿನ ಇನ್ನೊಂದು ಜಾತಿಯನ್ನು ತಂದು ಅರಾಲಿಗೆ ಬಿಟ್ಟರು. ಆ ಮೀನುಗಳ ಕಿವಿರಿನಲ್ಲಿ ನಿಟ್ಷಿಯಾ ಎಂಬ ಹುಳುವಿತ್ತು. ನಮ್ಮ ಬಂಗುಡೆಯದಕ್ಕಿಂತ ದೊಡ್ಡದು, ಹಿಂತುದಿಯಲ್ಲಿ ಬಲವಾದ ಬಟ್ಟಲಿನಂತಹ ಹಿಡಿಯಂಗವುಳ್ಳದ್ದು. ಕ್ಯಾಸ್ಪಿಯನ್ನಿನ ಮೀನುಗಳಿಗೆ ಅದು ಹಳೆಯ ಪರಿಚಯ. ಅರಾಲಿನ ಮೀನುಗಳು ಅದನ್ನು ಎಂದೂ ಕಂಡಿರಲಿಲ್ಲ. ಇಲ್ಲಿ ವಾನ್ ಬೆನೆಡೆನ್ನನ ಮಾತನ್ನು ನೆನಪು ಮಾಡಿಕೊಳ್ಳಬೇಕು. ಇದು ಕುರಿಯ ಹುಳುವಿನಂತಹ ಪ್ರಾಣಿಯಾಗಿದ್ದರೆ, ಅದಕ್ಕೆ ಒಗ್ಗುವ ಬಸವನಹುಳು ಅರಾಲಿನಲ್ಲಿ ಸಿಕ್ಕದೆ ಒಂದೇ ತಲೆಮ‍ಾರಿನಲ್ಲಿ ನಿರ್ವಂಶವಾಗುವ ಸಂಭವವಿತ್ತು. ನಿಟ್ಷಿಯಾಕ್ಕೆ ಮೀನೊಂದಿದ್ದರೆ ಸಾಕು. ೧೯೩೬ರಲ್ಲಿ ಶಿಪ್ ಸ್ಟರ್ಜನ್ ಮೀನುಗಳು ಸಾಮೂಹಿಕವಾಗಿ ಸತ್ತವು. ಕಾರಣವನ್ನು ಶೋಧಿಸಿದ ಡೋಗಿಯೆಲ್ ಮತ್ತು ಲುಟ್ಟಾ ಎಂಬ ವಿಜ್ಞಾನಿಗಳು ಮರುವರ್ಷ ತಮ್ಮ ವರದಿಯನ್ನು ಪ್ರಕಟಿಸಿದರು. ಆ ಮೀನಿನ ಸಂತತಿ ಬಹುಕಾಲ ಚೇತರಿಸಿಕೊಳ್ಳಲಿಲ್ಲ. ಮುಂದೆ ೧೯೬೦ರ ದಶಕದಿಂದ ಹತ್ತಿಯ ಬೇಸಾಯಕ್ಕಾಗಿ ನದಿಗಳ ನೀರನ್ನು ತಿರುಗಿಸಿದುದರಿಂದ ಆ ಸಮುದ್ರವೇ ಬತ್ತುತ್ತ ಹೋದುದು ಬೇರೆಯ ಕಥೆ.

ಎರಡನೆಯದು ಪಂಜರದ ಕಥೆ. ಜಪಾನಿನಲ್ಲಿ ಬಲೆಯ ಪಂಜರಗಳಲ್ಲಿ ಯೆಲ್ಲೋಟೇಲ್ ಎಂಬ ಮೀನನ್ನು ಸಾಕಲು ತೊಡಗಿದಾಗ, ಕಡಲಿನಲ್ಲಿ ಯಾರ ಗಮನಕ್ಕೂ ಬಾರದಿದ್ದ ಕಿವಿರಿನ ಹುಳು ಮೀನುಗಳನ್ನು ರಕ್ತಹೀನಗೊಳಿಸುವ ವ್ಯಾಧಿಯಾಯಿತು. ಹುಳು ಬದಲಾಗಿರಲಿಲ್ಲ, ಕಡಲು ಕಿರಿದಾಗಿತ್ತು. ಪಂಜರದ ಬಲೆಯ ಒಂದೊಂದು ಕಣ್ಣೂ ಮೊಟ್ಟೆಯ ನೂಲು ತೊಡರಿಕೊಳ್ಳಲು ಹೇಳಿಮಾಡಿಸಿದ ಜಾಗ. ಮರಿ ಹೊರಬಂದರೆ ಗೇಣು ದೂರದಲ್ಲಿ ಸಾವಿರ ಮೀನು. ಸಾಯಬೇಕಾದ ಮರಿಗಳು ಸಾಯುವುದಿಲ್ಲ. ಎರಡಿದ್ದ ಒಕ್ಕಲು ಇನ್ನೂರಾಗುತ್ತದೆ. ನಮ್ಮ ಕರಾವಳಿಯಲ್ಲಿಯೂ ಕಾರವಾರದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸೀಬಾಸ್, ಕೋಬಿಯಾ ಮೊದಲಾದ ಮೀನುಗಳ ಪಂಜರ ಕೃಷಿಯನ್ನು ಮಾಡಿ ತೋರಿಸಿದ್ದಾರೆ. ಅದು ಬೆಳೆಯಬೇಕಾದ ಉದ್ಯಮವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಬೆಳೆಯುವವರಿಗೆ ಈ ಹುಳುವಿನ ಮೊಟ್ಟೆಯ ನೂಲು ಎಷ್ಟು ಮುಖ್ಯವೆಂಬುದು ತಿಳಿದಿರಲಿ ಎಂಬುದಷ್ಟೇ ನನ್ನ ಅಪೇಕ್ಷೆ.

ಆ ಮಧ್ಯಾಹ್ನ ನಾನು ನನ್ನ ವಿದ್ಯಾರ್ಥಿಗೆ ಇಷ್ಟನ್ನೂ ಹೇಳಿದೆ. ಅವನು ಹೊರಗಿನಿಂದ ಮರಿಗಳನ್ನು ತರಿಸಿ ಅದೇ ದಿನ ಹಳೆಯ ಪಂಜರಗಳಿಗೆ ಬಿಟ್ಟಿದ್ದನೆಂಬುದು ಮಾತಿನ ನಡುವೆ ಹೊರಬಿತ್ತು. ಅರಾಲಿನ ಅಧಿಕಾರಿಗಳು ಮಾಡಿದ ಕೆಲಸವೇ ಅದು. ಅಳತೆ ಮಾತ್ರ ಸಣ್ಣದು. ಸೀಬಾಸ್ ಹೊಳೆಯಲ್ಲಿಯೂ ಕಡಲಿನಲ್ಲಿಯೂ ಬಾಳಬಲ್ಲ ಮೀನು. ಉಪ್ಪುನೀರಿನ ಈ ಹುಳುವಿಗೆ ಸಿಹಿನೀರು ತಡೆಯದು. ಆದುದರಿಂದ ಮೀನುಗಳನ್ನು ಸ್ವಲ್ಪ ಹೊತ್ತು ಸಿಹಿನೀರಿನ ತೊಟ್ಟಿಯಲ್ಲಿ ಇಡಬೇಕು. ಮೊಟ್ಟೆಗಳು ಅದಕ್ಕೆ ಜಗ್ಗುವುದಿಲ್ಲವಾದುದರಿಂದ, ಅವು ಒಡೆದು ಹೊಸ ಮರಿಗಳು ಬೆಳೆದು ಮೊಟ್ಟೆಯಿಡುವ ಮೊದಲೇ ಮತ್ತೊಮ್ಮೆ ಇಡಬೇಕು. ಬಲೆಗಳನ್ನು ಬದಲಿಸಿ, ಹಳೆಯವನ್ನು ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿಸಬೇಕು. ಪಂಜರಕ್ಕೆ ಮೀನು ಕಡಿಮೆ ಹಾಕಬೇಕು. ಹೊಸತಾಗಿ ತಂದವನ್ನು ಕೆಲವು ದಿನ ಬೇರೆಯೇ ಇಟ್ಟು, ಕಿವಿರನ್ನು ನೋಡಿ, ಆಮೇಲೆ ಬಿಡಬೇಕು. ಇದರಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ. ಮೊಟ್ಟೆಗೆ ನೂಲಿದೆ, ಮರಿಗೆ ಬುತ್ತಿ ಸ್ವಲ್ಪವೇ ಇದೆ, ನಡುವೆ ಬಸವನಹುಳುವಿಲ್ಲ. ಈ ಮೂರನ್ನು ಚಿತ್ರದ ಕೆಳಗೆ ಬರೆಸಿದ್ದರೆ ಅವನೇ ಊಹಿಸಿಕೊಳ್ಳಬಹುದಾದ ಕ್ರಮಗಳು. ನಾನು ಬರೆಸಿರಲಿಲ್ಲ.

ಅವನ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಬೇಸಗೆಯಲ್ಲಿ ಹೋದವು. ಬಂಗಾರ ಬಿಡಿಸಿಕೊಳ್ಳಲು ಮತ್ತೆ ಎರಡು ವರ್ಷ ಹಿಡಿಯಿತು. ಮೂರನೆಯ ವರ್ಷ ಅವನು ಪುನಃ ಚೀಲ ಹಿಡಿದು ಬಂದಾಗ ನನ್ನ ಎದೆ ಹಾರಿತು. ಈ ಬಾರಿ ಚೀಲದಲ್ಲಿದ್ದುದು ಸಾರಿಗೆಂದು ತಂದ ಒಂದೇ ಒಂದು ದೊಡ್ಡ ಮೀನು. ಅಭ್ಯಾಸಬಲದಿಂದ ಮುಚ್ಚಳವನ್ನು ಎತ್ತಿ ನೋಡಿದೆ, ದಾಸವಾಳದಂತೆ ಕೆಂಪಗಿತ್ತು. ಎಳೆಯ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಬಹಳ ಹೊತ್ತು ಹುಡುಕಿದ ಮೇಲೆ ಕೊಕ್ಕೆಯೂರಿ ಬಾಗಿ ತೂಗಾಡುತ್ತಿದ್ದ ಹುಳುವೊಂದು ಕಂಡಿತು. ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟೆ. ಅವನು ಕಣ್ಣಿಟ್ಟು ನೋಡಿ, “ಒಂದೇ ಇದೆ ಸರ್, ಇರಲಿ” ಎಂದ.